ಜಿಂಕೆಗೆಂದೇ ಬಿತ್ತುವ ಹೊಲ



ನಾವು ಮನೆಗೂ ಸಂತೆಗೂ ಬೆಳೆಯುವ ಅವರೆಯನ್ನು ಅಮೆರಿಕದ ಟೆಕ್ಸಾಸ್ ಮುಂತಾದ ದಕ್ಷಿಣದ ರಾಜ್ಯಗಳಲ್ಲಿ ಎಕರೆಗಟ್ಟಲೆ ಬಿತ್ತಿ, ಒಂದು ಕಾಯನ್ನೂ ಕೀಳದೆ ಬಿಟ್ಟುಬಿಡುವವರಿದ್ದಾರೆ. ಆ ಬೆಳೆ ಪೂರ್ತಿ ಜಿಂಕೆಗಳ ಪಾಲು. ಕಾಡಂಚಿನಲ್ಲಿ ರಾತ್ರಿಯಿಡೀ ಕಾವಲು ಕಾದು ಅವರೆ ಉಳಿಸಿಕೊಳ್ಳುವ ನಮ್ಮವರಿಗೆ ಇದು ಹುಚ್ಚುತನವಾಗಿ ಕಾಣಬಹುದು. ಆದರೆ ಜಿಂಕೆ ಯಾವಾಗ, ಎಲ್ಲಿಗೆ, ಏನನ್ನು ಹುಡುಕಿಕೊಂಡು ಬರುತ್ತದೆ ಎಂಬುದನ್ನು ಆ ಜನ ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. ಕರೆಯುವವನ ವಿದ್ಯೆ ತಿಳಿದರೆ ತಡೆಯುವವನಿಗೂ ಅದರಿಂದ ಪ್ರಯೋಜನವುಂಟು.

ಏಕೆ ಬಿತ್ತುತ್ತಾರೆ?

ಅಮೆರಿಕದ ಬಿಳಿಬಾಲದ ಜಿಂಕೆ ಬೇಟೆಯ ಹಾವಳಿಯಿಂದ 1900ರ ಸುಮಾರಿಗೆ ಐದು ಲಕ್ಷದಷ್ಟಕ್ಕೆ ಇಳಿದಿತ್ತು. ಅನಂತರ ಕಾನೂನಿನ ರಕ್ಷಣೆ ಸಿಕ್ಕಿ, ಇಂದು ಅಂದಾಜು ಮೂರು ಕೋಟಿಯಷ್ಟಿದೆ. ಅಲ್ಲಿ ಪರವಾನಗಿ ಪಡೆದು, ಗೊತ್ತುಪಡಿಸಿದ ತಿಂಗಳುಗಳಲ್ಲಿ ಬೇಟೆಯಾಡಬಹುದು. ಹೀಗಾಗಿ ಜಮೀನಿನ ಒಡೆಯರು ಜಿಂಕೆ ತಮ್ಮ ನೆಲದಲ್ಲೇ ನಿಲ್ಲಲಿ, ಮೈ ತುಂಬಿಕೊಳ್ಳಲಿ ಎಂದು ಮೇವಿನ ತಾಕುಗಳನ್ನು ಮಾಡುತ್ತಾರೆ. ಜಿಂಕೆಗಳನ್ನು ನೋಡುವ ಸಂತೋಷಕ್ಕಾಗಿ ಬಿತ್ತುವವರೂ ಇದ್ದಾರೆ.

ಗಂಡು ಜಿಂಕೆಯ ಕೊಂಬು ಪ್ರತಿವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ಬಿಳಿಬಾಲದ ಜಿಂಕೆಯಲ್ಲಿ ಇದು ವಸಂತದಿಂದ ಬೇಸಿಗೆಯ ಕೊನೆಯವರೆಗೆ ನಡೆಯುತ್ತದೆ. ಹೆಣ್ಣು ಮರಿಹಾಕಿ ಹಾಲೂಡುವುದೂ ಹೆಚ್ಚಾಗಿ ಅದೇ ಕಾಲದಲ್ಲಿ. ಆಗ ಅವುಗಳ ಮೇವಿನಲ್ಲಿ ನೂರಕ್ಕೆ ಸುಮಾರು 16 ಪಾಲು ಪ್ರೋಟೀನು ಬೇಕು. ಅವರೆ, ಅಲಸಂದೆಯ ಎಳೆಯ ಸೊಪ್ಪಿನಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ದ್ವಿದಳ ಬೆಳೆಯ ಹಸಿ ಚಿಗುರಿಗೆ ಜಿಂಕೆ ಮೊದಲು ಬಾಯಿ ಹಾಕುವುದು ಇದಕ್ಕಾಗಿಯೇ.

ಋತುವಿಗೊಂದು ಬೆಳೆ

ಅವರ ಲೆಕ್ಕ ಸರಳ. ಕಾಡಿನಲ್ಲಿ ಮೇವು ಕಡಿಮೆಯಾಗುವ ತಿಂಗಳುಗಳಲ್ಲಿ ಹೊಲ ಹಸಿರಾಗಿರಬೇಕು.

ಬೇಸಿಗೆಯ ತಾಕಿಗೆ ಅವರೆ, ಅಲಸಂದೆ, ಸೋಯಾ, ಜೋಳ, ಮುಸುಕಿನ ಜೋಳಗಳನ್ನು ಬಿತ್ತುತ್ತಾರೆ. ಚಳಿಗಾಲದ ತಾಕಿಗೆ ಗೋಧಿ, ಓಟ್ಸ್, ಕ್ಲೋವರ್ ಎಂಬ ಮೇವಿನ ಸೊಪ್ಪು, ಕಾಫಿಪುಡಿಗೆ ಬೆರೆಸುವ ಚಿಕೋರಿ, ಟರ್ನಿಪ್, ಮೂಲಂಗಿಗಳನ್ನು ಹಾಕುತ್ತಾರೆ. ಟರ್ನಿಪ್ ಸೊಪ್ಪನ್ನು ಜಿಂಕೆ ಮೊದಲಿಗೆ ಅಷ್ಟಾಗಿ ಮೆಚ್ಚುವುದಿಲ್ಲ. ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದ ಮೇಲೆ ಸೊಪ್ಪಿಗೆ ಸಿಹಿ ಬರುತ್ತದೆ, ಆಗ ಬಂದು ತಿನ್ನುತ್ತದೆ. ಒಂದೇ ಬೆಳೆ ಕೈಕೊಟ್ಟರೆ ಎಂದು ಮೂರು ನಾಲ್ಕು ಬೀಜ ಬೆರೆಸಿ ಬಿತ್ತುವುದು ಅಲ್ಲಿ ರೂಢಿ.

ಬಿತ್ತುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುತ್ತಾರೆ. ಹುಳಿಮಣ್ಣಿಗೆ ಸುಣ್ಣ ಹಾಕುತ್ತಾರೆ. ದ್ವಿದಳ ಬೀಜಕ್ಕೆ ರೈಜೋಬಿಯಂ ಲೇಪಿಸುತ್ತಾರೆ. ತಾಕನ್ನು ಕಾಡಿಗೆ ತಾಗಿ ಉದ್ದಕ್ಕೆ, ಕಿರಿದಾಗಿ ಮಾಡುತ್ತಾರೆ. ಏಕೆಂದರೆ ಜಿಂಕೆ ಮೆಲುಕು ಹಾಕುವ ಪ್ರಾಣಿ. ಬೇಗ ಬೇಗ ಮೇದು, ಮರೆಗೆ ಹೋಗಿ ಮಲಗಿ ಅಗಿಯುತ್ತದೆ. ಬಯಲ ನಡುವೆ ಹೆಚ್ಚು ಹೊತ್ತು ನಿಲ್ಲಲು ಹೆದರುತ್ತದೆ. ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬಿನಲ್ಲಿ ಹೆಚ್ಚಾಗಿ ಬರುವುದೂ ಈ ಹೆದರಿಕೆಯಿಂದಲೇ.

ಇನ್ನೊಂದು ಸ್ವಾರಸ್ಯವಿದೆ. ಅವರೆಯ ತಾಕು ಚಿಕ್ಕದಾದರೆ ಮೊಳಕೆಯಲ್ಲೇ ಪೂರ್ತಿ ಖಾಲಿಯಾಗಿಬಿಡುತ್ತದೆ. ಆದ್ದರಿಂದ ಜಿಂಕೆಗೆಂದೇ ಬಿತ್ತಿದವರು ಸಹ ಬಳ್ಳಿ ಬಲಿಯುವ ತನಕ ಜಿಂಕೆಗೆ ಬೇಲಿ ಹಾಕುತ್ತಾರೆ!

ಕರೆದು ತಂದ ಕಷ್ಟಗಳು

ಈ ಪದ್ಧತಿಗೆ ಅಲ್ಲಿಯೂ ಆಕ್ಷೇಪಗಳಿವೆ. ಜಿಂಕೆಗಳು ಒಂದೇ ಕಡೆ ಗುಂಪುಗೂಡಿದರೆ ರೋಗ ಹರಡುವುದು ಸುಲಭ. 1967ರಲ್ಲಿ ಕೊಲೊರಾಡೊ ರಾಜ್ಯದಲ್ಲಿ ಮೊದಲು ಕಂಡ, ಜಿಂಕೆಯನ್ನು ಕ್ಷೀಣಿಸಿ ಕೊಲ್ಲುವ ಮಿದುಳಿನ ರೋಗವೊಂದು ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಅದಕ್ಕೆ ಮದ್ದಿಲ್ಲ. ಆದ್ದರಿಂದ ಕಾಳು ರಾಶಿ ಹಾಕಿ ಜಿಂಕೆಯನ್ನು ಕರೆಯುವುದನ್ನು ರೋಗವಿರುವ ಎಷ್ಟೋ ಕಡೆ ನಿಷೇಧಿಸಿದ್ದಾರೆ.

ನಮ್ಮ ಚುಕ್ಕೆ ಜಿಂಕೆಯೂ ಆ ದೇಶ ಸೇರಿದೆ. 1860ರ ದಶಕದಲ್ಲಿ ಹವಾಯಿ ದ್ವೀಪಗಳಿಗೂ 1932ರಲ್ಲಿ ಟೆಕ್ಸಾಸಿಗೂ ಅದನ್ನು ಒಯ್ದರು. ಹುಲಿ, ಸೀಳುನಾಯಿಗಳಿಲ್ಲದ ಹವಾಯಿಯಲ್ಲಿ ಅದು ಮಿತಿಮೀರಿ ಹೆಚ್ಚಿ, ಅಲ್ಲಿನ ರೈತರು ಬೆಳೆ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾರೆ.

ನಮ್ಮಲ್ಲಿ ಹೇಗೆ?

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗಗಳ ಬೇಟೆ ಅಪರಾಧ. ಉರುಳು ಒಡ್ಡುವುದು, ವಿಷವಿಡುವುದು ಮಾತ್ರವಲ್ಲ, ಹಿಡಿಯಲು ಆಮಿಷ ತೋರಿಸುವುದೂ ಆ ಕಾಯ್ದೆಯಲ್ಲಿ ಬೇಟೆಯೆಂದೇ ಲೆಕ್ಕ. ಆದ್ದರಿಂದ ಅಮೆರಿಕದವರಂತೆ ಬೇಟೆಗೆಂದು ಬಿತ್ತುವ ಮಾತು ಇಲ್ಲಿ ಬರುವಂತಿಲ್ಲ.

ಆದರೆ ಬಿತ್ತದೆಯೇ ನಾವು ಜಿಂಕೆಯ ತಾಕು ಮಾಡಿಕೊಂಡಿರುತ್ತೇವೆ! ತಾಳವಾಡಿಯ ಕಡೆಯನ್ನೇ ನೋಡೋಣ. ಸುತ್ತಲೂ ಸತ್ಯಮಂಗಲದ ಕಾಡು, 2013ರಿಂದ ಅದು ಹುಲಿ ರಕ್ಷಿತಾರಣ್ಯ. ಜನವರಿ ಕಳೆದರೆ ಕಾಡಿನ ಹುಲ್ಲು ಒಣಗುತ್ತದೆ. ಅದೇ ಹೊತ್ತಿನಲ್ಲಿ ಕೊಳವೆಬಾವಿ ನೀರಿನಿಂದ ನಮ್ಮ ಬೀನ್ಸ್, ಕೋಸು, ಮುಸುಕಿನ ಜೋಳ ಹಸಿರಾಗಿ ನಿಂತಿರುತ್ತವೆ. ಕಾಡಿಗೆ ತಾಗಿದ ಹೊಲ, ಅಂಚಿನಲ್ಲಿ ಮರೆಗೆ ಪೊದೆ, ಪಕ್ಕದಲ್ಲಿ ನೀರು. ಅಮೆರಿಕದವರು ಹಣ ಸುರಿದು ಸಿದ್ಧಪಡಿಸುವುದು ಇದನ್ನೇ. ಬಯಲುಸೀಮೆಯ ಸೊಲ್ಲಾಪುರದ ಸುತ್ತ ಕಡಲೆ, ಜೋಳದ ಹೊಲಕ್ಕೆ ಬರುವ ಕೃಷ್ಣಮೃಗವೂ ಹಸಿರು ಹುಡುಕಿಕೊಂಡೇ ಬರುತ್ತದೆ.

ಜಿಂಕೆ ಒಂಟಿಯಾಗಿ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅದರ ಹಿಂದೆಯೇ ಚಿರತೆ ಬರುತ್ತದೆ. ಚಿರತೆಗೆ ಜಿಂಕೆ ಸಿಗದ ದಿನ ಕೊಟ್ಟಿಗೆಯ ಕರು, ಮನೆಯ ನಾಯಿ ಸಿಗುತ್ತವೆ. ಬೆಳೆಯ ಜೊತೆಗೆ ಮಕ್ಕಳ, ದನಕರುಗಳ ಕ್ಷೇಮವೂ ಇದರಲ್ಲಿ ಸೇರಿದೆ.

ತಿರುಗಿಸಿ ಮಾಡೋಣ

1. ಮರೆ ತೆಗೆಯಿರಿ. ನಿಮ್ಮ ಜಮೀನಿನೊಳಗೆ ಕಾಡಿನ ಕಡೆಯ ಅಂಚಿನ ಪೊದೆ, ಲಂಟಾನ ಕಡಿದು ನಾಲ್ಕಾರು ಮಾರು ಬಯಲು ಬಿಡಿ. ಅಡಗಲು ಜಾಗವಿಲ್ಲದ ಕಡೆ ಜಿಂಕೆ ಅಳುಕುತ್ತದೆ.

2. ಬೆಳೆಯ ಜಾಗ ಬದಲಿಸಿ. ಅವರೆ, ಅಲಸಂದೆ, ಬೀನ್ಸ್ ಮನೆಯ ಹತ್ತಿರ ಇರಲಿ. ಕಾಡಿನ ಕಡೆಗೆ ಅರಿಸಿನ, ಮೆಣಸಿನಕಾಯಿ, ಬೆಳ್ಳುಳ್ಳಿಯಂತಹ ಘಾಟಿನ ಬೆಳೆ ಹಾಕಿ. ಸೊಲ್ಲಾಪುರ ಕಡೆಯ ಹಿರಿಯರು ಜೋಳದ ಸುತ್ತ ಮುಳ್ಳಿನ ಕುಸುಬೆ ಬಿತ್ತುತ್ತಿದ್ದುದು ಇದೇ ಉಪಾಯ. ತೀರ ಹಸಿದ ಜಿಂಕೆ ಏನನ್ನೂ ಬಿಡುವುದಿಲ್ಲ, ಆದರೂ ನಷ್ಟ ಕಡಿಮೆಯಾಗುತ್ತದೆ.

3. ಮೊದಲ ತಿಂಗಳು ಕಾಯಿರಿ. ಮೊಳಕೆಯಿಂದ ಬಳ್ಳಿ ಬಲಿಯುವವರೆಗೆ ಕಾವಲು ಬಿಗಿಯಾಗಿದ್ದರೆ ಬೆಳೆ ಅರ್ಧ ಉಳಿದಂತೆಯೇ. ಬಿತ್ತನೆಯ ದಿನಗಳನ್ನು ನೆರೆಹೊರೆಯವರು ಮಾತಾಡಿಕೊಂಡು ಒಟ್ಟಿಗೆ ಇಟ್ಟುಕೊಂಡರೆ ಕಾವಲೂ ಹಂಚಿಹೋಗುತ್ತದೆ.

4. ಎರಡು ಸಾಲಿನ ಬೇಲಿ. ಜಿಂಕೆಯನ್ನು ಒಂದೇ ಬೇಲಿಯಿಂದ ತಡೆಯಲು ಎಂಟು ಅಡಿ ಎತ್ತರ ಬೇಕು. ಅಮೆರಿಕದವರು ಕಡಿಮೆ ಖರ್ಚಿನಲ್ಲಿ ಬೇರೆ ದಾರಿ ಕಂಡುಕೊಂಡಿದ್ದಾರೆ. ಒಳಸಾಲಿನಲ್ಲಿ ನೆಲದಿಂದ 10 ಮತ್ತು 24 ಅಂಗುಲಕ್ಕೆ ಎರಡು ತಂತಿ, ಅದರಿಂದ ಮೂರು ಅಡಿ ಹೊರಗೆ 18 ಅಂಗುಲಕ್ಕೆ ಒಂದು ತಂತಿ. ಎತ್ತರ ಮತ್ತು ಅಗಲ ಎರಡನ್ನೂ ಒಟ್ಟಿಗೆ ಅಳೆದು ಜಿಗಿಯುವುದು ಜಿಂಕೆಗೆ ಕಷ್ಟ. ಇದು ಅಲ್ಲಿನ ಜಿಂಕೆಗೆಂದು ಮಾಡಿದ ಅಳತೆ. ಆನೆ, ಹಂದಿಗೆ ಇದು ಸಾಲದು. ತಂತಿಗೆ ಸೋಲಾರ್ ಯಂತ್ರದ ಮಿಡಿತದ ವಿದ್ಯುತ್ತನ್ನು ಮಾತ್ರ ಕೊಡಬೇಕು. ತಮಿಳುನಾಡಿನಲ್ಲಿ 2023ರ ನಿಯಮದಂತೆ ಇದನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಎಳೆಯುವುದು ಕೊಲೆಗೆ ಸಮ. ಅದಕ್ಕೆ ಆನೆಗಳಷ್ಟೇ ಅಲ್ಲ, ಬೆಳಗಿನ ಜಾವ ನೀರು ಕಟ್ಟಲು ಹೋದ ಮನೆಯವರೇ ಬಲಿಯಾದದ್ದುಂಟು.

5. ನಷ್ಟ ಅಳೆಯಿರಿ. ಮೇವಿನ ತಾಕಿನಲ್ಲಿ ಜಿಂಕೆ ಎಷ್ಟು ತಿಂದಿತೆಂದು ತಿಳಿಯಲು ಅವರು ಮೂರಡಿ ಅಗಲದ ತಂತಿಬುಟ್ಟಿಯನ್ನು ಪೈರಿನ ಮೇಲೆ ನಿಲ್ಲಿಸಿರುತ್ತಾರೆ. ಒಳಗಿನ ಪೈರು, ಹೊರಗಿನ ಪೈರು ಹೋಲಿಸಿದರೆ ನಷ್ಟ ಕಣ್ಣಿಗೇ ಕಾಣುತ್ತದೆ. ನಾವೂ ಹೀಗೆ ಮಾಡಿ ಫೋಟೋ ತೆಗೆದಿಟ್ಟುಕೊಂಡರೆ ಪರಿಹಾರದ ಅರ್ಜಿಗೆ ಬಲ ಬರುತ್ತದೆ. ಯಾವ ಪ್ರಾಣಿಗೆ ಪರಿಹಾರವಿದೆ, ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಕಾಡಿನ ಮೇವು ಕಾಡಿನಲ್ಲಿರಲಿ

ಕಾಡಿನೊಳಗೂ ಜಿಂಕೆಗೆ ತಾನಾಗಿಯೇ ಆದ ತಾಕುಗಳಿವೆ. ವಯನಾಡಿನಲ್ಲಿ ವಯಲ್ ಎಂದೂ ಮೈಸೂರು, ಕೊಡಗಿನ ಕಡೆ ಹಡ್ಲು ಎಂದೂ ಕರೆಯುವ ತಗ್ಗಿನ ಜೌಗು ಹುಲ್ಲುಗಾವಲುಗಳು ಬೇಸಿಗೆಯಲ್ಲಿಯೂ ಹಸಿರಾಗಿರುತ್ತವೆ. ಒಣಗಾಲದಲ್ಲಿ ಜಿಂಕೆ ಉದುರಿದ ನೆಲ್ಲಿ, ತಾರೆ, ಅತ್ತಿ ಹಣ್ಣುಗಳನ್ನೂ ಮುಸುವ ಕೆಡವಿದ ಚಿಗುರನ್ನೂ ತಿಂದು ಬದುಕುತ್ತದೆ. ಆದರೆ ಹೂವಿನ ಚಂದಕ್ಕೆಂದು ಸುಮಾರು ಇನ್ನೂರು ವರ್ಷಗಳ ಹಿಂದೆ ನಮ್ಮ ದೇಶಕ್ಕೆ ತಂದ ಲಂಟಾನ ಇಂದು ಕಾಡೆಲ್ಲ ಹಬ್ಬಿ ಹುಲ್ಲನ್ನು ಮುಚ್ಚಿಹಾಕಿದೆ. ವಯನಾಡು, ಮುದುಮಲೆಗಳಲ್ಲಿ ಹಳದಿ ಹೂವಿನ ಸೆನ್ನಾ ಮರವೂ ಅದೇ ಕೆಲಸ ಮಾಡುತ್ತಿದೆ. ಇಲಾಖೆ ಇವನ್ನು ಕೀಳಿಸುವಾಗ ಕೂಲಿಗೋ ಶ್ರಮದಾನಕ್ಕೋ ಕೈಜೋಡಿಸಿದರೆ ಅದು ನಮ್ಮ ಹೊಲಕ್ಕೇ ಹಾಕಿದ ಬೇಲಿ. ನೆಲ್ಲಿ ಕೊಯ್ಯುವವರು ಮರ ಬರಿದು ಮಾಡದೆ ಒಂದಷ್ಟು ಬಿಟ್ಟುಬರಲಿ.

ಆರೋಗ್ಯದ ಎಚ್ಚರ

ಕಾಡುಮೃಗ ಮತ್ತು ದನಗಳು ಒಂದೇ ಕಡೆ ಮೇಯುವಲ್ಲಿ ಉಣ್ಣೆ ಹೆಚ್ಚು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುವಂಥದು. 2014–15ರಲ್ಲಿ ಅದು ವಯನಾಡಿನಲ್ಲಿಯೂ ಕಾಣಿಸಿತು. ಕಾಡಂಚಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿ. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆದುಹಾಕಿ. ತಟ್ಟನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಅಥವಾ ಹುಳು ಕಚ್ಚಿದಲ್ಲಿ ಕಪ್ಪು ಹಕ್ಕಳೆಯ ಗಾಯ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ, ಕಾಡಂಚಿಗೆ ಹೋಗಿದ್ದನ್ನು ತಪ್ಪದೆ ತಿಳಿಸಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ.

ಜಿಂಕೆಗೆ ಗಡಿಕಲ್ಲು ಗೊತ್ತಿಲ್ಲ, ಹಸಿರು ಮಾತ್ರ ಗೊತ್ತು. ಮುಂದಿನ ಬಿತ್ತನೆಗೆ ಮುನ್ನ ಹೊಲದ ಕಾಡಿನಂಚಿನಲ್ಲಿ ಒಮ್ಮೆ ನಡೆದು, ಫೆಬ್ರವರಿಯಲ್ಲಿ ಇಲ್ಲಿ ಏನು ಹಸಿರಾಗಿರುತ್ತದೆ, ಮರೆ ಎಲ್ಲಿದೆ ಎಂದು ನೋಡಿಕೊಂಡು ಬೀಜ ಆರಿಸಿ.