ನಾಲ್ಕೂವರೆಯಿಂದ ಏಳರವರೆಗೆ

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಲಹಂಕದ ಹಳೆಯ ಪೇಟೆಯಿಂದ ಹೆಬ್ಬಾಳದ ಕೆರೆಯ ಅಂಚಿನವರೆಗೆ, ಅಲ್ಲಿಂದ ಗಂಗಾನಗರ, ಆರ್.ಟಿ. ನಗರಗಳನ್ನು ಹಾದು ಯಶವಂತಪುರದ ಮಾರುಕಟ್ಟೆಯವರೆಗೆ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಕಡೆಯ ಗಂಟೆ ಬಾರಿಸುವುದು ಸಾಯಂಕಾಲ ನಾಲ್ಕರಿಂದ ನಾಲ್ಕೂವರೆಯೊಳಗೆ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ತಾಯಿ ಪಾಳಿ ಮುಗಿಸಿ, ಬಸ್ಸು ಹಿಡಿದು, ದಾರಿಯಲ್ಲಿ ಸೊಪ್ಪು ಕೊಂಡು, ಮನೆಯ ಬೀಗ ತೆಗೆಯುವ ವೇಳೆಗೆ ಏಳು ಗಂಟೆಯಾಗಿರುತ್ತದೆ, ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವಳಿಗೆ ಎರಡನೆಯ ಸುತ್ತಿನ ಪಾತ್ರೆಯ ಕೆಲಸ ಆರಂಭವಾಗುವುದೇ ಐದಕ್ಕೆ, ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿ ತಂದೆಗಾದರೋ ಲಾರಿ ಬಂದುದೇ ಹೊತ್ತು, ಮೂಟೆ ಇಳಿದುದೇ ಬಿಡುವು. ಈ ಎರಡೂವರೆ ಗಂಟೆಗಳ ಕಾಲ, ಅಜ್ಜಿಯ ಮಡಿಲಿಗೆ ದೊಡ್ಡದಾಗಿ ಒಂಟಿಯಾಗಿ ಬಿಡಲು ಇನ್ನೂ ಚಿಕ್ಕದಾದ, ಹನ್ನೊಂದು ಹನ್ನೆರಡರ ವಯಸ್ಸಿನ ಮಗು ಎಲ್ಲಿರತಕ್ಕದ್ದು, ಯಾರೊಡನೆ ಇರತಕ್ಕದ್ದು ಎಂಬ ಪ್ರಶ್ನೆಗೆ ಈ ಬಡಾವಣೆಗಳು ಕಂಡುಕೊಂಡಿರುವ ಉತ್ತರವೇ ಸಂಜೆಯ ಕಲಿಕಾ ಕೇಂದ್ರ. ಆ ಕೇಂದ್ರದ ಜೀವಾಳವಾಗಿರುವವಳು ಅರೆಕಾಲಿಕ ಸಹಾಯಕಿ.

ಕೇಂದ್ರವೆಂದರೆ ಪ್ರತ್ಯೇಕವಾದ ಕಟ್ಟಡವೆಂದು ವಾಚಕರು ಭಾವಿಸಬೇಕಾಗಿಲ್ಲ. ಶಾಲೆಯದೇ ಒಂದು ಕೊಠಡಿ, ಸಮುದಾಯ ಭವನದ ಮಹಡಿ, ದೇವಸ್ಥಾನದ ಹಿಂಬದಿಯ ಜಗಲಿ, ಚರ್ಚಿನ ಹಜಾರ, ಇಲ್ಲವೆ ಬಾಡಿಗೆಗೆ ಹಿಡಿದ ಶೀಟಿನ ಮನೆ, ಎಲ್ಲಿ ಇಪ್ಪತ್ತು ಮೂವತ್ತು ಮಕ್ಕಳು ಚಾಪೆಯ ಮೇಲೆ ಕೂರಬಹುದೋ ಅಲ್ಲಿ. ನಡೆಸುವವರು ಸ್ವಯಂಸೇವಾ ಸಂಸ್ಥೆಯವರಿರಬಹುದು, ಧಾರ್ಮಿಕ ಟ್ರಸ್ಟಿನವರಿರಬಹುದು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರಿರಬಹುದು. ಸಹಾಯಕಿ ಮಾತ್ರ ಪ್ರಾಯಶಃ ಆ ಆಸುಪಾಸಿನ ಬೀದಿಯವಳೇ. ಬೆಳಗ್ಗೆ ಪದವಿ ಕಾಲೇಜಿಗೆ ಹೋಗಿಬರುವ ಹುಡುಗಿ, ಬಿ.ಎಡ್. ಓದುತ್ತಿರುವವಳು, ಮಕ್ಕಳು ಕೈಗೆ ಬಂದ ಮೇಲೆ ಒಂದಿಷ್ಟು ಹೊರಗಿನ ಕೆಲಸ ಬಯಸಿದ ಗೃಹಿಣಿ. ಗಂಡಸರೂ ಇದ್ದಾರೆ, ಕಡಿಮೆ. ಮಕ್ಕಳು ಅವಳನ್ನು ಕರೆಯುವುದು ಅಕ್ಕ ಎಂದು. ಕಾನ್ವೆಂಟಿನ ವಾಸನೆ ತಗುಲಿದ ಕೆಲವರು ಮಿಸ್ ಎನ್ನುವರು.

ಈ ವ್ಯವಸ್ಥೆ ಉತ್ತರ ಬೆಂಗಳೂರಿನಲ್ಲಿ ಇಷ್ಟು ಅಗತ್ಯವಾದುದಕ್ಕೆ ಕಾರಣ ಆ ಭಾಗ ಬೆಳೆದ ರೀತಿಯಲ್ಲಿದೆ. ಯಲಹಂಕ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. ಮರುವರ್ಷದ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡು ಬದಿಯ ದ್ರಾಕ್ಷಿ ತೋಟಗಳೂ ರಾಗಿಯ ಹೊಲಗಳೂ ಬಹುಮಹಡಿ ಕಟ್ಟಡಗಳಾದವು. ಕಟ್ಟಲು ಬಂದವರು ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯ ಕೂಲಿಯ ಕುಟುಂಬಗಳು. ಕಟ್ಟಿದ ಮೇಲೆ ಅದನ್ನು ಗುಡಿಸಿ ಒರೆಸಿ ಕಾಯಲು ಬಂದವರು ಆಂಧ್ರದ ಗಡಿಯವರು, ಒಡಿಶಾದವರು, ನೇಪಾಳದವರು. ಹಳ್ಳಿಯಲ್ಲಾಗಿದ್ದರೆ ಶಾಲೆ ಬಿಟ್ಟ ಮಗುವಿಗೆ ದೊಡ್ಡಮ್ಮನ ಮನೆಯೋ ಪಕ್ಕದ ಹಟ್ಟಿಯೋ ಇರುತ್ತಿತ್ತು. ಇಲ್ಲಿ ವಠಾರದ ಎಲ್ಲ ಬಾಗಿಲುಗಳಿಗೂ ಆ ಹೊತ್ತಿನಲ್ಲಿ ಬೀಗ.

ಸಹಾಯಕಿಯ ಕೆಲಸ ಮಕ್ಕಳಿಗಿಂತ ಅರ್ಧ ಗಂಟೆ ಮೊದಲು ಆರಂಭವಾಗುತ್ತದೆ. ಬೀಗ ತೆಗೆದು, ಕಸ ಗುಡಿಸಿ, ಚಾಪೆ ಹಾಸಿ, ನೀರು ತುಂಬಿಸಿ, ತಿಂಡಿ ಸಿದ್ಧಮಾಡಿಕೊಳ್ಳಬೇಕು. ತಿಂಡಿಯೆಂದರೆ ಹೆಚ್ಚಿನದೇನಲ್ಲ: ಕಡಲೆಕಾಳಿನ ಉಸಲಿ, ಕಡಲೆಪುರಿ, ಬಾಳೆಹಣ್ಣು. ಆದರೆ ಇದನ್ನು ಅಮುಖ್ಯವೆಂದೆಣಿಸಿದ ಕೇಂದ್ರ ಒಂದು ತಿಂಗಳೂ ಸರಿಯಾಗಿ ನಡೆಯಲಾರದು. ಮಧ್ಯಾಹ್ನದ ಬಿಸಿಯೂಟದ ಅನಂತರ ರಾತ್ರಿಯ ಊಟದವರೆಗೆ ಏನೂ ಕಾಣದ ಹೊಟ್ಟೆ ಭಿನ್ನರಾಶಿಯನ್ನು ಹೇಗೆ ತಾನೆ ಗಮನಿಸೀತು? ಕೈ ತೊಳೆಸುವುದು, ಹಾಜರಿ ಬರೆಯುವುದು, ಬಾರದಿರುವವರ ಕಾರಣ ಕೇಳುವುದು, ಆಮೇಲೆ ಇಪ್ಪತ್ತು ನಿಮಿಷ ಬಯಲಿನಲ್ಲಿ ಲಗೋರಿ, ಕುಂಟೆಬಿಲ್ಲೆ, ಮಳೆಯಿದ್ದರೆ ಒಳಗೆ ಕೇರಂ. ಇಡೀ ದಿನ ಬೆಂಚಿನ ಮೇಲಿದ್ದ ದೇಹ ಬೆವರಿದ ಮೇಲಲ್ಲದೆ ಮತ್ತೆ ಪುಸ್ತಕ ತೆರೆಯಲಾಗದೆಂಬುದನ್ನು ಅನುಭವವುಳ್ಳ ಸಹಾಯಕಿಯರೆಲ್ಲರೂ ಬಲ್ಲರು. ಹೊಸಬರು ನೇರವಾಗಿ ಹೋಮ್‌ವರ್ಕಿಗೆ ಕೂರಿಸಿ, ಗದ್ದಲವಾಯಿತೆಂದು ಕೊರಗುವರು.

ಈ ಕಸುಬಿನ ನಿಜವಾದ ಸೂಕ್ಷ್ಮ ಹೋಮ್‌ವರ್ಕಿನ ವೇಳೆಯಲ್ಲಿ ಕಾಣತಕ್ಕದ್ದು. ಆರನೆಯ ತರಗತಿಯ ಹುಡುಗನೊಬ್ಬ ಆರುನೂರ ಹನ್ನೆರಡನ್ನು ಆರರಿಂದ ಭಾಗಿಸಿ ಹನ್ನೆರಡೆಂದು ಬರೆದು ತಂದುದನ್ನೂ, ಸಹಾಯಕಿ ಅದರ ಮೇಲೆ ಅಡ್ಡಗೆರೆ ಎಳೆಯದೆ ಆಟದ ನೋಟುಗಳ ಡಬ್ಬಿಯನ್ನು ಎದುರಿಗಿಟ್ಟುದನ್ನೂ ನಾನು ಹತ್ತಿರದಿಂದ ನೋಡಿದೆನು.

"ಅಕ್ಕ, ಹನ್ನೆರಡು ಬಂತು."

"ಹೌದಾ? ಇಲ್ಲಿ ಆರುನೂರ ಹನ್ನೆರಡು ರೂಪಾಯಿ ಇದೆ, ನೀವು ಆರು ಜನ ಇದೀರ. ಹಂಚು, ನೋಡೋಣ."

ಹುಡುಗ ನೂರರ ನೋಟುಗಳನ್ನು ಒಂದೊಂದಾಗಿ ಹಂಚಿದ. ಹಂಚಿದವನೇ ತಲೆಯೆತ್ತಿ, "ಒಬ್ಬೊಬ್ರಿಗೆ ನೂರೇ ಬಂದ್ಮೇಲೆ ಹನ್ನೆರಡು ಹೆಂಗಾಗುತ್ತೆ ಅಕ್ಕ?" ಎಂದ.

"ನೀನೇ ಹೇಳು. ಮುಂದೆ ಹಂಚು."

"ಹತ್ತರ ನೋಟು ಒಂದೇ ಐತೆ. ಆರು ಜನಕ್ಕೆ ಬರಲ್ಲ."

"ಹಂಗಾದ್ರೆ ಒಬ್ಬೊಬ್ರಿಗೆ ಹತ್ತರ ನೋಟು ಎಷ್ಟು ಬಂತು?"

"ಒಂದೂ ಇಲ್ಲ."

"ಅದನ್ನೇ ಬರಿ."

ಹುಡುಗ ಒಂದರ ಪಕ್ಕದಲ್ಲಿ ಸೊನ್ನೆ ಬರೆದ. ಹತ್ತರ ನೋಟನ್ನು ಚಿಲ್ಲರೆ ಮಾಡಿಸಿಕೊಂಡು, ಉಳಿದ ಎರಡು ರೂಪಾಯಿಗೆ ಸೇರಿಸಿ, ಎಲ್ಲರಿಗೂ ಎರಡೆರಡು ಹಂಚಿ, ನೂರ ಎರಡೆಂದು ಮುಗಿಸಿದ. ಈ ಅರೆಗಳಿಗೆಯ ವ್ಯವಹಾರದಲ್ಲಿ ಸಹಾಯಕಿ ಕಲಿಸಿದುದು ಏನೂ ಇಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಆ ಮಗು ಭಾಗಾಕಾರದಲ್ಲಿ ಎಡವಿಲ್ಲ, ಸ್ಥಾನಬೆಲೆಯಲ್ಲಿ ಎಡವಿದೆ ಎಂಬ ನಿದಾನ ಅವಳ ಮನಸ್ಸಿನಲ್ಲಿ ಆಗಲೇ ಆಗಿಹೋಗಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಪಾಠಪುಸ್ತಕವನ್ನು ಮಾರ್ಚಿನೊಳಗೆ ಮುಗಿಸಬೇಕಾದ ಉಪಾಧ್ಯಾಯರಿಗೆ ಈ ನಿದಾನಕ್ಕೆ ಪುರಸೊತ್ತೆಲ್ಲಿ? 2009ರ ಶಿಕ್ಷಣ ಹಕ್ಕಿನ ಕಾಯಿದೆ, ಪ್ರತಿಯೊಂದು ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅರಿತು ಅಗತ್ಯವಿದ್ದಷ್ಟು ಹೆಚ್ಚಿನ ಬೋಧನೆ ಕೊಡತಕ್ಕದ್ದೆಂದು 24ನೆಯ ವಿಧಿಯಲ್ಲಿ ಉಪಾಧ್ಯಾಯರ ಕರ್ತವ್ಯವನ್ನು ನಿಗದಿಮಾಡಿದೆ. 28ನೆಯ ವಿಧಿಯಲ್ಲಿ ಅವರು ಖಾಸಗಿ ಟ್ಯೂಷನ್ ಹೇಳಕೂಡದೆಂದೂ ಕಟ್ಟುಮಾಡಿದೆ. ಎರಡೂ ನ್ಯಾಯವಾದುವೇ. ಆದರೆ ಆ ಹೆಚ್ಚಿನ ಬೋಧನೆಗೆ ಶಾಲೆಯ ಗಂಟೆಗಳೊಳಗೆ ವೇಳೆಯೂ ಕೈಗಳೂ ಸಾಲದೆ ಹೋದ ಎಡೆಯಲ್ಲಿ ಸಹಾಯಕಿ ಬಂದು ಕುಳಿತಿದ್ದಾಳೆ.

ಈ ಕೊರತೆ ಎಷ್ಟು ಆಳವಾದುದೆಂಬುದಕ್ಕೆ ಒಂದು ಅಳತೆಯುಂಟು. 2018ರ 'ಅಸರ್' ಸಮೀಕ್ಷೆಯಲ್ಲಿ, ಗ್ರಾಮೀಣ ಭಾರತದ ಎಂಟನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ಶೇಕಡ 73ರಷ್ಟು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇಕಡ 44ರಷ್ಟೇ. ಅದು ಹಳ್ಳಿಗಳ ಲೆಕ್ಕವೆಂದು ನಗರದವರು ಸಮಾಧಾನಪಟ್ಟುಕೊಳ್ಳಲಾಗದು. ಆ ಹಳ್ಳಿಗಳಿಂದ ಬಂದವರ ಮಕ್ಕಳೇ ಇಲ್ಲಿನ ಶಾಲೆಗಳಲ್ಲಿರುವವರು. ಇದರ ಮೇಲೆ ಮಹಾಮಾರಿಯ ವರ್ಷಗಳೂ ಕೂಡಿದುವು. 2020ರ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಹೊಸ್ತಿಲು ತುಳಿಯಬೇಕಾಗಿದ್ದ ಮಗು 2025ರಲ್ಲಿ ಆರನೆಯ ತರಗತಿಗೆ ಬಂದಿತು. ಕಾಗುಣಿತವನ್ನು ಉಪಾಧ್ಯಾಯಿನಿಯ ತುಟಿಯ ಚಲನೆಯನ್ನು ನೋಡಿ ಕಲಿಯಬೇಕಾದ ವರ್ಷವನ್ನು ಅದು ಮುಚ್ಚಿದ ಬಾಗಿಲೊಳಗೆ ಕಳೆದಿತ್ತು. ಆದುದರಿಂದಲೇ ಸಹಾಯಕಿಯ ಚಾಪೆಯ ಮೇಲೆ ಏಳನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕದ ಪಕ್ಕದಲ್ಲಿ ಒತ್ತಕ್ಷರದ ಮಿಂಚುಪಟ್ಟಿಗಳೂ ಇರುತ್ತವೆ. 'ಸ್ವಾತಂತ್ರ್ಯ', 'ರಾಷ್ಟ್ರ' ಮೊದಲಾದ ಪದಗಳನ್ನು ಮೊದಲ ಅಕ್ಷರ ನೋಡಿ ಊಹಿಸಿ ಓದಿಬಿಡುವ ಮಗುವನ್ನು ಗೆಳೆಯರೆದುರಿಗೆ ನಾಚಿಸದಂತೆ ಮೂಲೆಗೆ ಕರೆದು, ಬೆರಳಿಟ್ಟು ಬಿಡಿಸಿ ಓದಿಸುವುದು ಅವಳ ಕೆಲಸ. ಹನ್ನೆರಡು ವರ್ಷದವನಿಗೆ ಮಾನವೆಂಬುದು ಮಗ್ಗಿಗಿಂತ ದೊಡ್ಡ ವಿಷಯ. ಅದನ್ನು ಕಳೆದುಕೊಂಡೆನೆಂದು ತೋರಿದ ದಿವಸವೇ ಅವನು ಬರುವುದನ್ನು ನಿಲ್ಲಿಸುತ್ತಾನೆ.

ಭಾಷೆಯ ತೊಡಕು ಬೇರೆ. ಆರ್.ಟಿ. ನಗರ, ಕಾವಲ್ ಬೈರಸಂದ್ರದ ಕಡೆಯ ಮಕ್ಕಳ ಮನೆಮಾತು ದಖನಿ ಉರ್ದು. ಯಶವಂತಪುರದಲ್ಲಿ ತೆಲುಗು, ತಮಿಳು. ಯಲಹಂಕದ ಹೊರವಲಯದ ಶೆಡ್ಡುಗಳಲ್ಲಿ ಯಾದಗಿರಿಯ ಕನ್ನಡ. 2019-20ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಒಂದು ಸಾವಿರದಷ್ಟು ಕಡೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದುವು. ಪರಿಣಾಮವಾಗಿ ಒಂದೇ ಚಾಪೆಯ ಮೇಲೆ ಒಬ್ಬನ ವಿಜ್ಞಾನ ಕನ್ನಡದಲ್ಲಿ, ಇನ್ನೊಬ್ಬಳದು ಇಂಗ್ಲಿಷಿನಲ್ಲಿ. ಇಬ್ಬರಿಗೂ ವಿಷಯ ತಿಳಿಯುವುದು ಬೀದಿಯ ಮಾತಿನಲ್ಲಿ. ಅಕ್ಕ ಅದೇ ಬೀದಿಯವಳಾದ ಕಾರಣ ಆ ಮಾತು ಅವಳಿಗುಂಟು. ಶಾಲೆಯ ಹೆಸರುವಾಸಿಯಾದ ಉಪಾಧ್ಯಾಯರಿಗೂ ಇಲ್ಲದ ಅನುಕೂಲವಿದು.

ಓದು ಮುಂದಾದವನು ಹಿಂದಾದವನ ಪಕ್ಕದಲ್ಲಿ ಕುಳಿತು ಹೇಳಿಕೊಡುವ ಈ ಕ್ರಮ ನಮ್ಮ ನೆಲಕ್ಕೆ ಹೊಸದಲ್ಲವೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿಯಲ್ಲಿ, ಆಗಿನ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದೂ, ಶಾಲೆಗಳಲ್ಲಿ 235 ಕನ್ನಡದವೆಂದೂ ಲೆಕ್ಕ ಕೊಟ್ಟಿದ್ದಾನೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ, ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆದು, ಮೂರನೆಯವನಿಂದ ಒಂದೊಂದಾಗಿ ಏಟು ಏರಿಸುತ್ತಿದ್ದ ಕಠಿಣ ಶಿಸ್ತಿನ ವರ್ಣನೆಯೂ ಅಲ್ಲಿದೆ. ಆದರೆ ಅವನು ಮನಸಾರೆ ಮೆಚ್ಚಿದುದು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತಿದ್ದ ಪದ್ಧತಿಯನ್ನು. ಅದಕ್ಕೂ ಮೊದಲೇ, ಮದರಾಸಿನ ಎಳುಂಬೂರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಮರಳಿನ ಮೇಲೆ ಬರೆದು ಕಲಿಯುವ ಇಲ್ಲಿನ ಮಕ್ಕಳನ್ನು ಕಂಡು, ಸಹಪಾಠಿಯಿಂದ ಸಹಪಾಠಿಗೆ ಕಲಿಸುವ ವಿಧಾನವನ್ನು ತನ್ನ ಶಾಲೆಯಲ್ಲಿ ನೆಲೆಗೊಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು 'ಮದರಾಸು ಪದ್ಧತಿ' ಎಂಬ ಹೆಸರಿನಿಂದಲೇ ಹಬ್ಬಿತು. ನಮ್ಮ ಕೂಲಿಮಠಗಳ ಜಗಲಿಯಲ್ಲಿ ಮರಳ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದ ಹಿರಿಯ ಹುಡುಗನ ವಂಶಕ್ಕೆ ಈ ಅಕ್ಕ ಸೇರಿದವಳು. ಏಟುಗಳನ್ನು ಮಾತ್ರ ಅವಳು ಪಿತ್ರಾರ್ಜಿತವಾಗಿ ಪಡೆದಿಲ್ಲ, ಪಡೆಯಲೂಕೂಡದು.

ನಮ್ಮ ಕಾಲದಲ್ಲಿ ಈ ಬಗೆಯ ಸಹಾಯವನ್ನು ತೂಗಿ ನೋಡಿದ ಪ್ರಯತ್ನವೂ ನಡೆದಿದೆ. ಮುಂಬಯಿಯಲ್ಲಿ 1994ರಲ್ಲಿ ಆರಂಭವಾದ 'ಪ್ರಥಮ್' ಸಂಸ್ಥೆ, ನೆರೆಹೊರೆಯ ಕೇರಿಗಳಿಂದಲೇ ಶಾಲೆಯ ಓದು ಮುಗಿಸಿದ ಯುವತಿಯರನ್ನು ಆರಿಸಿ, 'ಬಾಲಸಖಿ' ಎಂಬ ಹೆಸರಿಟ್ಟು, ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ಶಾಲೆಯ ವೇಳೆಯಲ್ಲಿ ದಿನಕ್ಕೆರಡು ಗಂಟೆ ಅವರ ಕೈಗೆ ಒಪ್ಪಿಸಿತು; ಸಂಭಾವನೆ ಆಗ ತಿಂಗಳಿಗೆ 500ರಿಂದ 750 ರೂಪಾಯಿ. ಮುಂಬಯಿ, ವಡೋದರಗಳಲ್ಲಿ ನಡೆದ ಅದರ ಪರೀಕ್ಷೆಯ ಫಲಿತಾಂಶವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದರು: ಮಕ್ಕಳ ಅಂಕಗಳು ಗಮನಾರ್ಹವಾಗಿ ಏರಿದ್ದುವು, ಅತ್ಯಂತ ಹಿಂದಿದ್ದವರಿಗೆ ಪ್ರಯೋಜನ ಹೆಚ್ಚಾಗಿತ್ತು. ಆ ಇಬ್ಬರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬಾಲಸಖಿಯರ ಸ್ಥಿತಿ ಅದರಿಂದ ಎಷ್ಟು ಬದಲಾಯಿತೆಂಬುದು ಬೇರೆ ಮಾತು.

ಏಕೆಂದರೆ ನಮ್ಮ ಸಹಾಯಕಿಗೆ ದೊರೆಯುವ ಹಣಕ್ಕೆ ಇಂದಿಗೂ ಸಂಬಳವೆಂಬ ಹೆಸರಿಲ್ಲ, ಅದು ಗೌರವಧನ. ರಜೆಯ ತಿಂಗಳುಗಳಲ್ಲಿ ಅದೂ ಇಲ್ಲದಿರುವ ಕಡೆಗಳುಂಟು. ಅರೆಕಾಲಿಕವೆಂಬ ಮಾತು ವೇಳೆಗೆ ಮಾತ್ರ ಅನ್ವಯಿಸುತ್ತದೆ, ಹೊಣೆಗಲ್ಲ. ಕತ್ತಲಾದ ಮೇಲೆ ಮಗುವನ್ನು ಯಾರ ಕೈಗೆ ಒಪ್ಪಿಸಿದಳೆಂಬುದನ್ನು ಅವಳು ಬರೆದಿಡಬೇಕು. ಗುರುತಿಲ್ಲದ ಮಾವನೊಬ್ಬ ಬಂದರೆ ತಾಯಿಗೆ ಫೋನು ಮಾಡದೆ ಕಳುಹಿಸಕೂಡದು. ಬಾಗಿಲು ತೆರೆದೇ ಇರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ಸುಳಿವು ಸಿಕ್ಕಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯಂತೆ ಕಡ್ಡಾಯ. ಆ ಹೊಣೆ ಉಪಾಧ್ಯಾಯರಿಗಿರುವಷ್ಟೇ ಪೂರ್ಣವಾಗಿ ಈ ಗೌರವಧನದವಳಿಗೂ ಉಂಟು. ಹುಡುಗಿಯರು ಋತುಮತಿಯರಾಗುವ ವಯಸ್ಸಿದು. ಶಾಲೆ ಬಿಡಿಸುವ ಮಾತು ಮನೆಯಲ್ಲಿ ಏಳುವುದೂ ಆಗಲೇ. ಮೊದಲು ಅದನ್ನು ಕೇಳುವ ಕಿವಿ ಹೆಚ್ಚಾಗಿ ಅಕ್ಕನದು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬಂದ ಹುಡುಗಿಯನ್ನು, ಚಿಕ್ಕಮಕ್ಕಳಿಗೆ ಪ್ರವೇಶವಿಲ್ಲವೆಂಬ ನಿಯಮ ತೋರಿಸಿ ಹಿಂದಕ್ಕೆ ಕಳುಹಿಸಿದರೆ ಅವಳ ಓದು ಅಲ್ಲಿಗೆ ಮುಗಿಯಿತು. ನಾನು ಕಂಡ ಒಳ್ಳೆಯ ಸಹಾಯಕಿಯರೆಲ್ಲರೂ ತಮ್ಮನಿಗೊಂದು ಬಳಪ ಕೊಟ್ಟು ಕೂರಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಕೇಂದ್ರಗಳನ್ನು ನಡೆಸುವವರೊಡನೆ ನನಗೆ ಭಿನ್ನಾಭಿಪ್ರಾಯವಿದೆ. ನೋಟ್ಸು ತುಂಬಿದ್ದರೆ ಪೋಷಕರಿಗೆ ತೃಪ್ತಿ, ಶಾಲೆಗೂ ತೃಪ್ತಿ. ಆದುದರಿಂದ ಹಲಗೆಯ ಮೇಲೆ ಉತ್ತರ ಬರೆದು ಮಕ್ಕಳಿಂದ ನಕಲು ಮಾಡಿಸುವ ಪರಿಪಾಠ ಹಲವೆಡೆ ಬೆಳೆದಿದೆ. ಅಂಥ ಸಂಜೆಗಳಿಂದ ಮಗುವಿಗೆ ಒದಗುವುದು ಕೈನೋವು ಮಾತ್ರ. ಎರಡು ಲೆಕ್ಕ ಅರೆಯಾಗಿ ಉಳಿದರೂ ಚಿಂತೆಯಿಲ್ಲ, ಒಂದನ್ನು ಮಗು ತಾನಾಗಿ ಮಾಡಿರಲಿ; ಉಳಿದುದಕ್ಕೆ ಕಾರಣವನ್ನು ಅಕ್ಕ ಶಾಲೆಯ ಉಪಾಧ್ಯಾಯರಿಗೆ ಎರಡು ಸಾಲಿನಲ್ಲಿ ಬರೆದು ಕಳುಹಿಸಲಿ. ಈ ಚೀಟಿಯ ವ್ಯವಹಾರವಿರುವ ಕಡೆ ಶಾಲೆಗೂ ಕೇಂದ್ರಕ್ಕೂ ಸಖ್ಯ ಬೆಳೆದಿರುವುದನ್ನು ನಾನು ಬಲ್ಲೆ.

ಈ ಕೆಲಸಕ್ಕೆ ಮನಸ್ಸುಳ್ಳವರು ಸಮೀಪದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನೋ, 2001ರಿಂದ ರಾಜ್ಯದ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೋ ಕಂಡರೆ, ಆ ಶಾಲೆಯ ಮಕ್ಕಳು ಸಂಜೆ ಯಾವ ಕೇಂದ್ರಕ್ಕೆ ಹೋಗುತ್ತಾರೆಂಬುದು ತಿಳಿಯುತ್ತದೆ. ಪದವಿಗಿಂತ ಮುಖ್ಯವಾಗಿ ಕೇಳುವುದು ನಿಯತವಾಗಿ ಬರುವ ಮಾತನ್ನು: ವಾರಕ್ಕೆ ಮೂರೇ ದಿವಸವಾದರೂ ಸರಿ, ಆ ಮೂರು ದಿವಸ ತಪ್ಪಕೂಡದು, ಕಡಿಮೆಯೆಂದರೆ ಜೂನ್‌ನಿಂದ ದಸರೆಯ ರಜೆಯವರೆಗೆ. ಪೊಲೀಸ್ ಪರಿಶೀಲನೆಯ ಪತ್ರ ಕೇಳಿದರೆ ಬೇಸರಿಸಬಾರದು. ಕೇಳದ ಕೇಂದ್ರಕ್ಕಿಂತ ಕೇಳುವ ಕೇಂದ್ರವೇ ಲೇಸು. ಮೊದಲ ಎರಡು ವಾರ ಪಾಠ ಹೇಳುವ ಉತ್ಸಾಹವನ್ನು ತಡೆದುಕೊಂಡು, ಹಳೆಯ ಅಕ್ಕನ ಪಕ್ಕದಲ್ಲಿ ಕುಳಿತು, ಮಕ್ಕಳ ಹೆಸರುಗಳನ್ನೂ, ಯಾರು ಯಾರ ಪಕ್ಕದಲ್ಲಿ ಕೂರಲೊಲ್ಲರೆಂಬುದನ್ನೂ, ಯಾರ ಮನೆಯ ಬೀಗದ ಕೈ ಯಾರ ಕೊರಳಲ್ಲಿದೆಯೆಂಬುದನ್ನೂ ತಿಳಿದುಕೊಳ್ಳತಕ್ಕದ್ದು.