ಕೆಟ್ಟ ಮೊಬೈಲ್ ಮಾರಿದೆವು, ಈಗ ರೊಕ್ಕ ವಾಪಸ್ ಕೇಳ್ತಾರೆ



ಕಳೆದ ಮಳೆಗಾಲದಲ್ಲಿ ಹುಮನಾಬಾದ್ ಕಡೆಯ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿದ್ದಾಗಿತ್ತು, ಸಾಲದ ಕಂತು ಬರೆದದ್ದಾಗಿತ್ತು, ನಿರ್ಣಯ ಪುಸ್ತಕಕ್ಕೆ ಸಹಿ ನಡೆದಿತ್ತು. ಅಷ್ಟರಲ್ಲಿ ಒಬ್ಬ ಸದಸ್ಯೆಗೆ ಫೋನ್ ಬಂತು. ಹೊರಗೆ ಹೋಗಿ ಮಾತಾಡಿ ಬಂದವರು ಮೂಲೆಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳತೊಡಗಿದರು. ಏನಾಯ್ತವ್ವಾ ಎಂದು ಕೇಳಿದ ಮೇಲೆ ವಿಷಯ ಹೊರಬಿತ್ತು.

ಅವರ ಮನೆಯಲ್ಲಿ ಡಿಸ್‌ಪ್ಲೇ ಒಡೆದ ಒಂದು ಮೊಬೈಲ್ ಇತ್ತು. ಪಿಯುಸಿ ಓದುವ ಮಗ ಅದರ ಫೋಟೋ ತೆಗೆದು, ಹಳೆ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕಿದ್ದ. ಜಹೀರಾಬಾದ್‌ನ ಒಬ್ಬರು 2,200 ರೂಪಾಯಿ ಹಾಕಿದರು, ಇವರು ಕೊರಿಯರ್ ಮಾಡಿದರು. ನಾಲ್ಕನೇ ದಿನದಿಂದ ಫೋನ್ ಶುರು. "ಬೋರ್ಡೇ ಸತ್ತದ, ರೊಕ್ಕ ವಾಪಸ್ ಹಾಕ್ರಿ, ಇಲ್ಲಂದ್ರ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ." ಆದರೆ ರೊಕ್ಕ ಎಲ್ಲಿದೆ? ಅರ್ಧ ಗಂಟೆ ಮುಂಚೆ ಅದೇ ಸಭೆಯಲ್ಲಿ ಕಂತಿಗೆ ಕಟ್ಟಿ ಆಗಿತ್ತು.

ಸಭೆ ಎರಡು ಭಾಗವಾಯಿತು. "ಮಾರಿದ್ದು ಮಾರಿದ್ದೇ, ಏನು ಕೊಡಬ್ಯಾಡ್ರಿ" ಎಂದರು ಅರ್ಧ ಜನ. "ಪೊಲೀಸ್ ಗದ್ಲ ಯಾಕ, ಕೊಟ್ಟು ಬಿಡ್ರಿ" ಎಂದರು ಉಳಿದವರು. ನಾವು ಎರಡೂ ಕಡೆ ಸೇರಲಿಲ್ಲ. ಮಾರುವಾಗ ಏನು ಬರೆದಿದ್ದಿರಿ, ಅದನ್ನು ತೋರಿಸಿ ಎಂದೆವು. ಮಗನನ್ನು ಕರೆಸಿ ಮೆಸೇಜ್ ತೆಗೆಸಿ ಓದಿದೆವು. "ಡಿಸ್‌ಪ್ಲೇ ಮಾತ್ರ ಹೋಗಿದೆ, ಉಳಿದದ್ದೆಲ್ಲಾ ಓಕೆ" ಎಂದಿತ್ತು. ಉಳಿದದ್ದು ಓಕೆ ಅಂತ ಹೆಂಗ ಗೊತ್ತಾಯ್ತಪ್ಪಾ ಎಂದು ಎರಡು ಸಲ ಕೇಳಿದ ಮೇಲೆ ಹುಡುಗ ತಲೆ ತಗ್ಗಿಸಿ ಹೇಳಿದ: "ಅದು ನೀರಾಗ ಬಿದ್ದಿತ್ರಿ."

ಇಂಥ ಜಗಳಗಳು ಈಗ ನಮ್ಮ ಸಂಘಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿವೆ. ಮನೆಯಲ್ಲಿ ಕೆಟ್ಟ ಮೊಬೈಲ್, ಟಿವಿ, ಮಿಕ್ಸಿ ಇದ್ದೇ ಇರುತ್ತವೆ, ಮಕ್ಕಳಿಗೆ ಆನ್‌ಲೈನ್‌ನಲ್ಲಿ ಮಾರುವುದು ಗೊತ್ತು. ನಮ್ಮದು ಗಡಿ ತಾಲೂಕು. 65ನೇ ಹೆದ್ದಾರಿ ಹಿಡಿದರೆ ಈ ಕಡೆ ಉಮರ್ಗಾ, ಆ ಕಡೆ ಜಹೀರಾಬಾದ್. ಕೊಳ್ಳುವವರು ಮರಾಠಿಯಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡುತ್ತಾರೆ. ಫೋನಿನಲ್ಲಿ ಆಡಿದ ಮಾತು ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಜಗಳ ಬಂದಾಗ ಉಳಿಯುವುದು ಬರೆದ ಮಾತು ಒಂದೇ. ಆದ್ದರಿಂದ ಈ ಸಲ ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಕೆಟ್ಟ ಸಾಮಾನು ಮಾರುವುದು ತಪ್ಪಲ್ಲ. ಒಡೆದ ಮೊಬೈಲ್‌ನಲ್ಲೂ ಕ್ಯಾಮೆರಾ, ಸ್ಪೀಕರ್, ಬೋರ್ಡು ಇರುತ್ತವೆ, ರಿಪೇರಿ ಮಾಡುವವರಿಗೆ ಅವು ಬೇಕು. ಹೈದರಾಬಾದಿನ ಜಗದೀಶ್ ಮಾರ್ಕೆಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ವ್ಯಾಪಾರಕ್ಕೆ ಹೆಸರಾದವು. ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತೇವೆ, ಚಿನ್ನಕ್ಕೆ ಬಂಗಾರ. ಒಂದು ಅಕ್ಷರ ಒತ್ತಿ ಹೇಳುವುದರಲ್ಲಷ್ಟೇ ವ್ಯತ್ಯಾಸ! ತಪ್ಪಾಗುವುದು ಎರಡು ಕಡೆ: ಗೊತ್ತಿದ್ದ ದೋಷ ಮುಚ್ಚಿಟ್ಟಾಗ, ಮತ್ತು ಪರೀಕ್ಷೆ ಮಾಡದೆ "ಸರಿ ಇದೆ" ಎಂದಾಗ.

ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸರಕು ಮಾರಾಟ ಕಾಯ್ದೆ 1930ರದ್ದು. ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಬೇಕು ಎಂದು ಅದರಲ್ಲಿದೆ. ವಸ್ತು ನೋಡದೆ, ಬರೆದದ್ದನ್ನು ನಂಬಿ ಕೊಳ್ಳುವವರಿಗೆ ಇದೇ ಆಧಾರ. ಅದಕ್ಕೂ ಹಳೆಯದಾದ 1872ರ ಕರಾರು ಕಾಯ್ದೆಯ ಪ್ರಕಾರ, ಗೊತ್ತಿದ್ದೂ ಮುಚ್ಚಿಟ್ಟು ಮೋಸ ಮಾಡಿದರೆ ಕೊಂಡವರು ವ್ಯವಹಾರ ರದ್ದು ಮಾಡಬಹುದು. ಹಾಗಾದರೆ ಕೊಂಡವರು ಕೇಳಿದಾಗಲೆಲ್ಲಾ ಹಣ ಕೊಡಬೇಕೇ? ಇಲ್ಲ. ಮನೆಯ ಹಳೆ ವಸ್ತುವನ್ನು ದೋಷ ಹೇಳಿ ಮಾರಿದರೆ, ಒಪ್ಪಿ ಕೊಂಡವರು ಆಮೇಲೆ ಅದೇ ದೋಷಕ್ಕಾಗಿ ಹಣ ಕೇಳಲು ಬರುವುದಿಲ್ಲ.

ಇದಕ್ಕೆ ಬಸವಕಲ್ಯಾಣದ ಒಬ್ಬ ಸದಸ್ಯೆಯೇ ಉದಾಹರಣೆ. ಅವರು ಪ್ಯಾನೆಲ್ ಒಡೆದ ಟಿವಿ ಮಾರಿದ್ದರು. ಮೆಸೇಜ್‌ನಲ್ಲಿ ಹೀಗೆ ಬರೆಸಿದ್ದರು: "ಪ್ಯಾನೆಲ್ ಒಡೆದಿದೆ, ಚಿತ್ರ ಬರುವುದಿಲ್ಲ. ಕರೆಂಟ್ ಕೊಟ್ಟರೆ ಕೆಂಪು ಲೈಟ್ ಹತ್ತುತ್ತದೆ, ಅಷ್ಟೇ ನೋಡಿದ್ದೇವೆ. ಒಳಗೆ ಏನು ಸರಿ ಇದೆ, ಏನು ಕೆಟ್ಟಿದೆ ಗೊತ್ತಿಲ್ಲ. ಬಿಡಿಭಾಗಕ್ಕೆ ಮಾತ್ರ. ವಾಪಸ್ ಇಲ್ಲ. ಒಪ್ಪಿಗೆ ಇದ್ದರೆ ಓಕೆ ಅಂತ ಕಳಿಸಿ." ಓಕೆ ಬಂದ ಮೇಲೆಯೇ ಟಿವಿ ಕೊಟ್ಟರು. ವಾರದ ನಂತರ, ಪವರ್ ಬೋರ್ಡ್ ಕೆಲಸ ಮಾಡುತ್ತಿಲ್ಲ, ಹಣ ಕೊಡಿ ಎಂದು ಫೋನ್. ಅವರು ಜಗಳ ಆಡಲಿಲ್ಲ. ಹಳೆಯ ಮೆಸೇಜನ್ನೇ ಮತ್ತೆ ಕಳಿಸಿದರು. ಅಲ್ಲಿಗೆ ಮುಗಿಯಿತು.

"ವಾಪಸ್ ಇಲ್ಲ" ಎಂಬ ಮಾತೇ ಅವರನ್ನು ಕಾಯ್ದಿತು ಎಂದು ಹಲವರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಕಾಯ್ದದ್ದು "ಗೊತ್ತಿಲ್ಲ" ಎಂಬ ಮಾತು. ಸುಳ್ಳು ಬರೆದು ಕೆಳಗೆ ವಾಪಸ್ ಇಲ್ಲ ಎಂದರೆ ಅದಕ್ಕೆ ಬೆಲೆ ಇಲ್ಲ. ಅಮೆರಿಕದ ಈಬೇ ಮಾರಾಟ ತಾಣದಲ್ಲಿ "ಬಿಡಿಭಾಗಕ್ಕೆ ಅಥವಾ ಕೆಟ್ಟಿರುವುದು" ಎಂದು ಒಂದು ಪ್ರತ್ಯೇಕ ವರ್ಗವೇ ಇದೆ. ಅಲ್ಲಿಯೂ ಬಂದ ವಸ್ತು ವಿವರಣೆಯಂತೆ ಇಲ್ಲದಿದ್ದರೆ ಕೊಂಡವರು ಹಣ ಕೇಳಬಹುದು.

ಮೊಬೈಲ್ ಮಾರುವವರು ಇನ್ನೊಂದು ವಿಷಯ ಗಮನಿಸಬೇಕು. ಆಂಡ್ರಾಯ್ಡ್ ಮೊಬೈಲ್‌ನಲ್ಲಿ ನಮ್ಮ ಗೂಗಲ್ ಖಾತೆ ತೆಗೆಯದೆ ಕೊಟ್ಟರೆ, ಕೊಂಡವರು ಅದನ್ನು ರೀಸೆಟ್ ಮಾಡಿದಾಗ ಹಳೆ ಖಾತೆಯ ಪಾಸ್‌ವರ್ಡ್ ಕೇಳಿ ಫೋನ್ ಲಾಕ್ ಆಗುತ್ತದೆ. ಆಗ ಅವರು ಹಣ ಕೇಳಿದರೆ ಅದು ನ್ಯಾಯವೇ. ಸ್ಕ್ರೀನ್ ಕಾಣುತ್ತದೆ ಆದರೆ ಟಚ್ ಆಗುವುದಿಲ್ಲ ಎಂದರೆ, ಒಂದು ಓಟಿಜಿ ಪಿನ್ ಹಾಕಿ ಕಂಪ್ಯೂಟರಿನ ಮೌಸ್ ಜೋಡಿಸಿದರೆ ಬಹಳ ಮೊಬೈಲ್‌ಗಳಲ್ಲಿ ಕೆಲಸ ಆಗುತ್ತದೆ. ಖಾತೆ ತೆಗೆದು, ಫೋಟೋ ಅಳಿಸಿ, ರೀಸೆಟ್ ಮಾಡಿ, ಸಿಮ್ಮು ಮೆಮೊರಿ ಕಾರ್ಡು ಹೊರಗೆ ತೆಗೆಯಿರಿ. ಪೂರ್ತಿ ಸತ್ತ ಫೋನ್ ಆದರೆ ಫೋಟೋ ಅಳಿಸಲು ಬರುವುದಿಲ್ಲ. ಹೆಣ್ಣುಮಕ್ಕಳ ಫೋಟೋ ಇರುವ ಅಂಥ ಫೋನನ್ನು ಗೊತ್ತಿಲ್ಲದವರಿಗೆ ಮಾರದಿರುವುದೇ ಒಳ್ಳೆಯದು. ಬ್ಯಾಟರಿ ಉಬ್ಬಿದ್ದರೆ ಕೊರಿಯರ್ ಮಾಡಲೇಬೇಡಿ, ದಾರಿಯಲ್ಲಿ ಬೆಂಕಿ ಹತ್ತಬಹುದು.

ಪ್ರತಿ ಮೊಬೈಲ್‌ಗೂ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ, ಫೋನ್ ನಡೆಯುತ್ತಿದ್ದರೆ *#06# ಒತ್ತಿದರೂ ಕಾಣುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಪ್ಯಾಕ್ ಮಾಡುವಾಗ ಒಂದು ನಿಮಿಷದ ವಿಡಿಯೋ ಮಾಡಿ. ಏಕೆಂದರೆ ನಮ್ಮ ಫೋನ್ ಇಟ್ಟುಕೊಂಡು ಬೇರೆ ಸತ್ತ ಫೋನ್ ವಾಪಸ್ ಕಳಿಸುವವರೂ ಇದ್ದಾರೆ.

ಈಗ ಹಣ ವಾಪಸ್ ಕೇಳಿ ಫೋನ್ ಬಂತೆನ್ನಿ. ಫೋನಿನಲ್ಲಿ ಹೂಂ ಎನ್ನಬೇಡಿ, ಇಲ್ಲ ಎಂದೂ ಅನ್ನಬೇಡಿ. "ಏನು ಕೆಟ್ಟಿದೆ ಅಂತ ಬರೆದು ವಿಡಿಯೋ ಕಳಿಸಿ, ಮನೆಯವರ ಹತ್ತಿರ ಕೇಳಿ ನಾಳೆ ಹೇಳುತ್ತೇವೆ" ಎಂದರೆ ಸಾಕು. ಆಮೇಲೆ ನಾವು ಬರೆದದ್ದನ್ನೂ ಅವರು ಬರೆದದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ತಪ್ಪು ನಮ್ಮದಾದರೆ ಒಪ್ಪಿಕೊಳ್ಳಬೇಕು, ಅದರಲ್ಲಿ ನಾಚಿಕೆ ಇಲ್ಲ. ಆದರೆ ವಸ್ತು ಮೊದಲು ಬರಬೇಕು, ನಂಬರ್ ತಾಳೆ ನೋಡಬೇಕು, ಆಮೇಲೆ ಹಣ. ಅದೂ ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ. "ನನ್ನ ಅಣ್ಣನ ನಂಬರಿಗೆ ಹಾಕಿ" ಎಂದರೆ ಒಪ್ಪಬೇಡಿ. ಕೊನೆಗೆ "ಹಣ ಮುಟ್ಟಿದೆ, ಬಾಕಿ ಏನೂ ಇಲ್ಲ" ಎಂದು ಅವರಿಂದ ಒಂದು ಮೆಸೇಜ್ ಬರೆಸಿಕೊಳ್ಳಿ. ತಪ್ಪು ಅರ್ಧ ಅರ್ಧ ಎನಿಸಿದರೆ, ವಸ್ತು ಅವರಲ್ಲೇ ಇರಲಿ ಎಂದು ಸ್ವಲ್ಪ ಹಣ ಬಿಟ್ಟುಕೊಡುವುದೂ ಒಂದು ದಾರಿ. ಹೋಗಿಬರುವ ಕೊರಿಯರ್ ಖರ್ಚಾದರೂ ಉಳಿಯುತ್ತದೆ.

ಇದೆಲ್ಲಾ ನಿಜವಾಗಿ ಕೊಂಡವರ ಮಾತಾಯಿತು. ಕೊಳ್ಳದೆಯೇ ವಾಪಸ್ ಕೇಳುವವರು ಬೇರೆ. "ನಾನು ಸೈನ್ಯದಲ್ಲಿದ್ದೇನೆ" ಎಂದು ಸಮವಸ್ತ್ರದ ಫೋಟೋ ಕಳಿಸುತ್ತಾರೆ. 2,000 ಬದಲು ತಪ್ಪಿ 20,000 ಹಾಕಿದ್ದೇನೆ, 18,000 ವಾಪಸ್ ಹಾಕಿ ಎಂದು ಗಡಿಬಿಡಿ ಮಾಡುತ್ತಾರೆ, ಬ್ಯಾಂಕಿನದೇ ಎನ್ನುವಂಥ ಸುಳ್ಳು ಮೆಸೇಜೂ ಬಂದಿರುತ್ತದೆ. ಮೆಸೇಜ್ ನಂಬಬೇಡಿ, ಖಾತೆಯ ಬ್ಯಾಲೆನ್ಸ್ ನೋಡಿ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಡ. ಪಿನ್ ಒತ್ತಿದಿರಿ ಎಂದರೆ ನಿಮ್ಮ ಹಣ ಹೊರಗೆ ಹೋಯಿತೆಂದೇ ಅರ್ಥ. ಮೋಸ ಆಗಿಯೇ ಬಿಟ್ಟಿದ್ದರೆ ಅಳುತ್ತಾ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಮಾರಾಟ ಕಾಯ್ದೆಯ ವರ್ಷವೂ ಸಹಾಯವಾಣಿಯ ನಂಬರೂ ಒಂದೇ ಆಗಿರುವುದರಿಂದ ನೆನಪಿಡಲು ಸುಲಭ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕಾಗಿದೆ. ಇಂಥ ಮಾರಾಟದ ಹಣವನ್ನು ಸಂಘದ ಖಾತೆಗೆ ಎಂದೂ ತರಿಸಬೇಡಿ. ಹಣ ಹಾಕಿದವರು ಅದನ್ನು ಬೇರೆ ಯಾರಿಗೋ ಮೋಸ ಮಾಡಿ ತಂದಿದ್ದರೆ, ಸೈಬರ್ ದೂರಿನ ಮೇಲೆ ಬ್ಯಾಂಕಿನವರು ಆ ಹಣ ಮುಟ್ಟಿದ ಖಾತೆಯನ್ನೂ ತಡೆಹಿಡಿಯಬಹುದು. 2,000 ರೂಪಾಯಿಯ ಮೊಬೈಲ್‌ಗಾಗಿ ಇಡೀ ಸಂಘದ ಉಳಿತಾಯ ಸಿಕ್ಕಿಕೊಂಡರೆ ಯಾರಿಗೆ ಉತ್ತರ ಕೊಡುವುದು? "ಅಧ್ಯಕ್ಷೆ ಹತ್ರ ಸ್ಕ್ಯಾನರ್ ಅದ, ಅದಕ್ಕೇ ಹಾಕಸ್ರಿ" ಎನ್ನುವ ರೂಢಿ ಕೆಲವು ಕಡೆ ಶುರುವಾಗಿದೆ. ಇದನ್ನು ನಿಲ್ಲಿಸಬೇಕು.

ಪೊಲೀಸ್ ಎಂದ ಕೂಡಲೆ ಹೆದರುವುದೂ ಬೇಡ. ಬೇಕೆಂದೇ ಮೋಸ ಮಾಡಿದರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅದಕ್ಕೇ ಇದೆ. ಆದರೆ ಎಲ್ಲಾ ಹೇಳಿ ಮಾರಿದ ವಸ್ತುವಿನ ಬಗ್ಗೆ ಬಂದ ತಕರಾರು ಮೋಸ ಆಗುವುದಿಲ್ಲ. ನೋಟಿಸ್ ಏನಾದರೂ ಬಂದರೆ ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಮನೆಯ ಒಂದು ಹಳೆ ಮೊಬೈಲ್ ಮಾರುವವರಿಗೆ ಇಷ್ಟು ಸಾಕು. ಹಳೆ ಮಿಕ್ಸಿ, ಫ್ಯಾನು ತಂದು ರಿಪೇರಿ ಮಾಡಿಸಿ ಮಾರುವುದನ್ನೇ ಸಂಘದ ಉದ್ಯೋಗವಾಗಿ ಮಾಡಿಕೊಂಡರೆ ಲೆಕ್ಕ ಬೇರೆ. ಆಗ ನೀವು ವ್ಯಾಪಾರಿಗಳು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಬಿಲ್ ಕೊಡಬೇಕು. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ನಿರಾಕರಿಸಿದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಕೊಂಡವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗಿನ ದೂರಿಗೆ ಅವರಿಗೆ ಶುಲ್ಕವೂ ಇಲ್ಲ. ಅಂಗಡಿಯಿಂದ ಕೆಟ್ಟ ಸಾಮಾನು ತಂದಾಗ ಇದೇ ಹಕ್ಕು ನಿಮಗೂ ಇದೆ ಎಂಬುದನ್ನು ಮರೆಯಬೇಡಿ. ಅದಕ್ಕೆ ಸಹಾಯವಾಣಿ 1915.

ಹುಮನಾಬಾದ್ ಕಡೆಯ ಆ ಸದಸ್ಯೆಯ ವಿಷಯಕ್ಕೆ ಬಂದರೆ, ಸಭೆ ಅಂದು ಸಂಜೆಯವರೆಗೆ ನಡೆಯಿತು. ತಪ್ಪು ನಮ್ಮ ಕಡೆ ಇದೆ ಎಂದು ಎಲ್ಲರೂ ಒಪ್ಪಿದರು. ಹುಡುಗನಿಂದಲೇ ಮೆಸೇಜ್ ಬರೆಸಿದೆವು: "ಫೋನ್ ನೀರಿನಲ್ಲಿ ಬಿದ್ದಿತ್ತು, ಹೇಳಬೇಕಿತ್ತು, ಹೇಳಲಿಲ್ಲ. ಫೋನ್ ವಾಪಸ್ ಕಳಿಸಿ, ಬಂದ ದಿನವೇ ಹಣ ಹಾಕುತ್ತೇವೆ, ಕೊರಿಯರ್ ಖರ್ಚೂ ಕೊಡುತ್ತೇವೆ." ಅಷ್ಟು ದಿನ ಬೈಯುತ್ತಿದ್ದವರು "ಠೀಕ್ ಹೈ ಬೇಟಾ" ಎಂದು ಉತ್ತರ ಬರೆದರು. ಸಂಘ ಆಂತರಿಕ ಸಾಲವಾಗಿ 2,200 ರೂಪಾಯಿ ಕೊಟ್ಟಿತು, ಎಲ್ಲರಿಗೂ ಇರುವ ಬಡ್ಡಿಯೇ. ಐದನೇ ದಿನ ಫೋನ್ ಬಂತು, ಡಬ್ಬಿಯ ನಂಬರ್ ತಾಳೆಯಾಯಿತು, ಹಣ ಹೋಯಿತು. ಆ ಫೋನನ್ನು ಆಮೇಲೆ ಹುಮನಾಬಾದಿನ ಒಂದು ರಿಪೇರಿ ಅಂಗಡಿಗೆ 600 ರೂಪಾಯಿಗೆ ಕೊಟ್ಟರು. ಅಂಗಡಿಯವ ಕೈಯಲ್ಲಿ ಹಿಡಿದು ನೋಡುವ ಮೊದಲೇ ಹುಡುಗ ಹೇಳಿದನಂತೆ: "ಅಣ್ಣಾ, ಇದರಾಗ ನೀರು ಹೋಗ್ಯದ."