ತಾಳಿ ಕಟ್ಟಿದ ಗಳಿಗೆ ಟೇಪಿಗೆ ಗೊತ್ತು

ಬೀರುವಿನಲ್ಲಿ ಮದುವೆಯ ಮಿನಿ ಡಿವಿ ಕ್ಯಾಸೆಟ್ಟುಗಳಿವೆ, ಕ್ಯಾಮೆರಾವನ್ನು ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಕಾರ್ಡಿನ ಫೋಟೊಗಳಷ್ಟೇ ಬರುತ್ತವೆ, ವಿಡಿಯೊ ಎಲ್ಲಿ ಹೋಯಿತು ಎಂದು ಓದುಗರೊಬ್ಬರು ಕೇಳಿದ್ದಾರೆ. ವಿಡಿಯೊ ಟೇಪಿನಲ್ಲೇ ಇದೆ, ಅದರ ದಾರಿ ಬೇರೆ. ಕ್ಯಾಮೆರಾದ ಪಕ್ಕದ ಮುಚ್ಚಳ ತೆಗೆದರೆ ‘ಡಿವಿ’ ಅಥವಾ ‘ಐ.ಲಿಂಕ್’ ಎಂದು ಬರೆದಿರುವ ಪುಟಾಣಿ ಕಿಂಡಿ ಕಾಣುತ್ತದೆ. ಅದು ಫೈರ್‌ವೈರ್.

1995ರಲ್ಲಿ ಬಂದ ಮಿನಿ ಡಿವಿ ಯಂತ್ರವನ್ನು ನೆನೆದರೆ ನನಗೆ ಈಗಲೂ ರೋಮಾಂಚನ. ಟೇಪಿನ ಅಗಲ ಬರೀ 6.35 ಮಿಲಿಮೀಟರ್. ಅದಕ್ಕೆ ಓರೆಯಾಗಿ ನಿಂತ ಡ್ರಮ್ಮು ನಿಮಿಷಕ್ಕೆ 9,000 ಸುತ್ತು ತಿರುಗುತ್ತ, 10 ಮೈಕ್ರಾನ್ ಅಗಲದ ಗೆರೆಗಳನ್ನು ಬರೆಯುತ್ತದೆ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 12 ಗೆರೆ, ಸೆಕೆಂಡಿಗೆ 300. ಗೆರೆ ಬರೆದು ಓದುವ, ಡ್ರಮ್ಮಿನ ಎರಡು ಹೆಡ್ಡುಗಳಲ್ಲಿ ಒಂದಕ್ಕೆ ಕೊಳೆ ಮೆತ್ತಿದರೂ ಚಿತ್ರ ಅಡ್ಡಪಟ್ಟಿಗಳಾಗಿ ಒಡೆಯುತ್ತದೆ. ಮದುಮಗಳ ಹಣೆ ಅಲುಗುತ್ತದೆ, ಕಣ್ಣು ಹಿಂದಿನ ಕ್ಷಣದಲ್ಲೇ ನಿಂತಿರುತ್ತದೆ. ಟೇಪು ಸತ್ತಿತೆಂದು ಎಸೆಯಬೇಡಿ. ಕ್ಲೀನಿಂಗ್ ಕ್ಯಾಸೆಟ್ ಕೆಲವು ಸೆಕೆಂಡು ಓಡಿಸಿ ನೋಡಿ.

ಇನ್ನೂ ಸೊಗಸಾದ ಸಂಗತಿಯೊಂದಿದೆ. ಚಿತ್ರದ ಜೊತೆಗೇ, ಪರದೆಗೆ ಕಾಣದಂತೆ, ತಾರೀಖು ಮತ್ತು ಗಂಟೆ, ನಿಮಿಷ, ಸೆಕೆಂಡು ದಾಖಲಾಗುತ್ತ ಹೋಗುತ್ತವೆ. ಕ್ಯಾಮೆರಾದ ಗಡಿಯಾರ ಸರಿಯಿದ್ದಿದ್ದರೆ, ಪುರೋಹಿತರು ಇಟ್ಟ ಮುಹೂರ್ತಕ್ಕೇ ತಾಳಿ ಬಿತ್ತೋ, ಗಟ್ಟಿಮೇಳ ತಡವಾಯಿತೋ ಎಂಬುದಕ್ಕೆ ಟೇಪೇ ಸಾಕ್ಷಿ! ಫೈರ್‌ವೈರಿನಲ್ಲಿ ಟೇಪಿನ ಅಂಕಿಗಳು ಇದ್ದದ್ದು ಇದ್ದಂತೆ ಇಳಿಯುವುದರಿಂದ ಈ ಗಡಿಯಾರವೂ ಬರುತ್ತದೆ. ಲಿನಕ್ಸಿನ ‘ಡಿವಿಗ್ರ್ಯಾಬ್’ ಎಂಬ ಉಚಿತ ತಂತ್ರಾಂಶ ಅದನ್ನು ಓದಿ, ಚಿತ್ರೀಕರಣದ ವೇಳೆಯನ್ನೇ ಕಡತದ ಹೆಸರಿಗೆ ಸೇರಿಸಬಲ್ಲದು. ಹಳದಿ, ಕೆಂಪು, ಬಿಳಿ ವೈರುಗಳ ಅಗ್ಗದ ಡಬ್ಬಿಯಲ್ಲಿ ಹಾಯಿಸಿದರೆ ಚಿತ್ರ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ, ಗಡಿಯಾರ ದಾರಿಯಲ್ಲೇ ಕಳೆದುಹೋಗುತ್ತದೆ. ಅಂಗಡಿಯವರು ಇದನ್ನೇ ‘ಡಿಜಿಟಲ್ ಮಾಡಿದ್ದೇವೆ’ ಎಂದು ಕೊಟ್ಟರೆ ಒಪ್ಪಬೇಡಿ.

ಡಿಜಿಟಲ್ ಅಂದಮೇಲೆ ಹಾಳಾಗುವುದಿಲ್ಲ ಎಂಬುದು ಶುದ್ಧ ಮೂಢನಂಬಿಕೆ. ಸಣ್ಣಪುಟ್ಟ ಸವಕಲನ್ನು ದೋಷ ತಿದ್ದುವ ಲೆಕ್ಕಾಚಾರ ಮುಚ್ಚಿಡುತ್ತದೆ. ಅದರ ಮಿತಿ ಮೀರಿದ ಕೂಡಲೇ ಚಿತ್ರ ಚೌಕಚೌಕವಾಗಿ ಉದುರುತ್ತದೆ. ಹಾಗಾಗಿ ಬೇಗ ಇಳಿಸಿಕೊಳ್ಳಿ, ಆದರೆ ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಬರಿಯ ವೈರಿಗೆ ದುಡ್ಡು ಸುರಿಯಬೇಡಿ. ಎರಡರ ಭಾಷೆಯೇ ಬೇರೆ. ಫೈರ್‌ವೈರ್ ಕಾರ್ಡು ಹಾಕಿದ ಡೆಸ್ಕ್‌ಟಾಪ್ ಅಥವಾ ಫೈರ್‌ವೈರ್ ಇರುವ ಹಳೆಯ ಮ್ಯಾಕ್ ಬೇಕು. ಆಪಲ್ 2025ರ ಮ್ಯಾಕ್ ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವನ್ನೇ ಕಿತ್ತುಹಾಕಿದೆ, ಹಾಗಾಗಿ ಹಳೆಯ ಮ್ಯಾಕ್ ಇದ್ದರೆ ಅದಕ್ಕೆ ಅಪ್‌ಡೇಟ್ ಮಾಡಬೇಡಿ.

ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಜಿಬಿ. ಎಲ್‌ಪಿ (ಲಾಂಗ್ ಪ್ಲೇ) ಮೋಡಿನಲ್ಲಿ ತೆಗೆದದ್ದಾದರೆ ಆದಷ್ಟೂ ಅದೇ ಕ್ಯಾಮೆರಾ ಹುಡುಕಿ. ಅದರ ಗೆರೆ 6.67 ಮೈಕ್ರಾನ್ ಅಷ್ಟೇ, ಬೇರೆ ಕ್ಯಾಮೆರಾದ ಹೆಡ್ಡಿಗೆ ಸುಲಭವಾಗಿ ತಪ್ಪಿಹೋಗುತ್ತದೆ.